ಜಂತಿಗೆ ಸುಸ್ತಾಗಿದೆ

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಮರುವಾರವೇ ನನ್ನಾಕೆ ಅಟ್ಟದ ಏಣಿ ಹತ್ತಿದಳು. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸೇತುವೆಯನ್ನು ಸರ್ಕಾರ ಕಟ್ಟಿಸಿದ್ದೇ ನಮ್ಮ ಅಡಿಕೆ ಅಟ್ಟ ಹೋಂಸ್ಟೇ ಆಗಲಿ ಎಂದು, ಅವಳ ಪ್ರಕಾರ.

"ಸಿಗಂದೂರಿಗೆ ಬರೋರು ಇನ್ನು ಲಾಂಚಿಗೆ ಕಾಯೂದಿಲ್ಲ. ಎರಡು ಮಂಚ, ಒಂದು ಗೀಸರ್ ಸಾಕು."

ಮಂಚ ಏರಿತು. ಪರೀಕ್ಷೆಗೆಂದು ನನ್ನನ್ನೇ ಮಲಗಿಸಿದರು. ಮಗ್ಗುಲು ಬದಲಿಸಿದೆ ನೋಡಿ, ಕೆಳಗೆ ನಡುಮನೆಯಲ್ಲಿ ಕೂತಿದ್ದ ಅಪ್ಪಯ್ಯನ ಬೋಳುತಲೆಗೆ ಅರವತ್ತು ವರ್ಷದ ಮಸಿಯ ಅಭಿಷೇಕ! ನಡುವಿನ ಜಂತಿ ತೊಟ್ಟಿಲಿನಂತೆ ಬಾಗಿತ್ತು.

ಪೇಟೆಯ ಇಂಜಿನಿಯರರು ಕಬ್ಬಿಣದ ತೊಲೆ ಹಾಕಿ ಅಂದರು. ಖರ್ಚು ಕೇಳಿ ನಾನೂ ಜಂತಿಯಂತಾದೆ. ನಮ್ಮೂರ ಆಚಾರ್ರು ಮಾತ್ರ ಉಳಿಯ ಹಿಡಿಯಿಂದ ನಾಲ್ಕು ಕಡೆ ಕುಟ್ಟಿ, ಕಿವಿಗೊಟ್ಟು ಕೇಳಿದರು. "ಒರಲೆ ಹಿಡೀಲಿಲ್ಲ ಭಟ್ರೇ, ಸುಸ್ತಾಗಿದೆ ಅಷ್ಟೆ. ನಡುವೆ ಒಂದು ಕಂಬ ಕೊಡಿ."

ಇಂಜಿನಿಯರಿಂಗ್ ಓದುವ ಮಗ ಫೋನಿನಲ್ಲೇ ಲೆಕ್ಕ ಒಪ್ಪಿಸಿದ: ಆಧಾರಗಳ ನಡುವಿನ ಅಂತರ ಅರ್ಧವಾದರೆ ಬಾಗುವುದು ಹದಿನಾರರಲ್ಲೊಂದು ಪಾಲಂತೆ.

"ಹದಿನಾರೋ ಹದಿನೇಳೋ, ಕಂಬ ಎಲ್ಲುಂಟು?" ಅಂದರು ಆಚಾರ್ರು.

ಕಂಬ ಕೊಟ್ಟಿಗೆಯಲ್ಲಿತ್ತು. ಲಿಂಗನಮಕ್ಕಿಯ ನೀರು 1819 ಅಡಿಯವರೆಗೆ ನಿಲ್ಲುತ್ತದೆಂದು ಗೀಟೆಳೆದಾಗ ಅಜ್ಜನ ಮನೆ ಗೀಟಿನ ಕೆಳಗೆ ಬಿತ್ತು. 1964ರಲ್ಲಿ ಅಣೆಕಟ್ಟೆ ಮುಗಿಯುವ ಮುಂಚೆಯೇ ಅಜ್ಜ ಮನೆ ಬಿಚ್ಚಿ, ಕಂಬ, ಬಾಗಿಲು, ಹಂಚನ್ನೆಲ್ಲ ಗಾಡಿಗೆ ಹೇರಿ ಮೇಲೆ ತಂದರು. ತೋಟ, ಗದ್ದೆ ಗಾಡಿಗೆ ಹತ್ತುವುದಿಲ್ಲವಲ್ಲ. ಹೊಸ ಮನೆ ಚಿಕ್ಕದು. ಒಂದು ಹಲಸಿನ ಕಂಬ ಮಿಕ್ಕಿತು. ಅಂದಿನಿಂದ ಹಸುಗಳು ಮೈಯುಜ್ಜಿ ಉಜ್ಜಿ ಅದರ ಒಂದು ಮಗ್ಗುಲು ಕನ್ನಡಿಯಾಗಿತ್ತು. ಇನ್ನೊಂದು ಮಗ್ಗುಲಲ್ಲಿ, ಬಿಚ್ಚುವಾಗ ಗುರುತಿಗೆಂದು ಉಳಿಯಲ್ಲಿ ಕೊರೆದ ಮೂರು ಗೀಟು.

ಮರದ ಕಾಲು ಮಣ್ಣಿಗೆ ತಾಗಬಾರದೆಂದು ಕಾವಿ ನೆಲ ಒಡೆದು ಅಡಿಗಲ್ಲು ಕೂರಿಸಿದೆವು. ಜೀಪಿನ ಜಾಕ್ ಕೊಟ್ಟು ಜಂತಿಯನ್ನು ದಿನಕ್ಕೊಂದು ನೂಲಿನಷ್ಟೇ ಎತ್ತಿದರು. ಅವಸರ ಮಾಡಿದರೆ ಹಂಚು ಹಾರುತ್ತದಂತೆ. ಐದನೇ ದಿನ ಕಂಬ ನಿಲ್ಲಿಸಿ ಬೆಣೆ ಹೊಡೆದರು. ನನ್ನಾಕೆ ಮಂಚದ ಮೇಲೆ ಕುಣಿದೇ ನೋಡಿದಳು. ಒಂದು ಚೂರು ಮಸಿ ಉದುರಲಿಲ್ಲ.

ಆದರೆ ಕಂಬ ನಿಂತದ್ದು ಸರಿಯಾಗಿ ಅಪ್ಪಯ್ಯನ ಕುರ್ಚಿಗೂ ಟಿವಿಗೂ ನಡುವೆ.

"ಕರೆಂಟು ಮಾಡ್ತೇವೆ ಅಂತ ಮನೆ ಮುಳುಗಿಸಿದ್ರು. ಈಗ ಆ ಕರೆಂಟಿನ ಟಿವಿಯೂ ಕಾಣದ ಹಾಗೆ ಮಾಡಿದ್ಯಲ್ಲೋ!"

ಗೊಣಗುತ್ತ ಎದ್ದವರು ಕಂಬದ ಹತ್ತಿರ ಬಂದು ಗೀಟುಗಳ ಮೇಲೆ ಬೆರಳಾಡಿಸಿದರು. "ಜಗುಲಿಯ ಮೂರನೇ ಕಂಬ. ಬೆಲ್ಲ ಕದ್ದಾಗ ಅಪ್ಪ ನನ್ನ ಇದಕ್ಕೇ ಕಟ್ಟಿ ಹಾಕಿದ್ದು." ಹೇಳುತ್ತಲೇ ತಿರುಗಿ, ಹಸುಗಳು ನುಣ್ಣಗೆ ಮಾಡಿಟ್ಟ ಮಗ್ಗುಲಿಗೆ ಬೆನ್ನು ಕೊಟ್ಟು ಎರಡು ಸಲ ಉಜ್ಜಿಕೊಂಡರು.