ಪೊರೆ ಮೀಮಾಂಸೆ

ಅಥ ಪೊರೆ. ಈ ಶಬ್ದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಮೂರು ಅರ್ಥ: ಹಾವು ಬಿಡುವಂಥದ್ದು, ಕಣ್ಣಿಗೆ ಬರುವಂಥದ್ದು, ದಾಸರು ದೇವರಲ್ಲಿ ಬೇಡುವಂಥದ್ದು. ಮೂರೂ ಅರ್ಥ ಒಟ್ಟಿಗೆ ಸಲ್ಲುವ ವಸ್ತು ಲೋಕದಲ್ಲಿ ಒಂದೇ. ಅದು ಈಗ ನಮ್ಮ ಭಾವನ ಹೊಸ ಕಾರಿಗೆ ಅಂಟಿಕೊಂಡಿದೆ. ಪ್ರಸ್ತುತ ಸಂಶೋಧನೆಯ ಕ್ಷೇತ್ರ, ಪುಂಜಾಲಕಟ್ಟೆ ಪೇಟೆಯಿಂದ ಒಳಗೆ ಹೋಗುವ ಮಣ್ಣುದಾರಿಯ ಕೊನೆಯಲ್ಲಿರುವ ಅಕ್ಕನ ಮನೆಯ ಅಂಗಳ.

ಮೊದಲು ನಾಮಗೊಂದಲದ ಪರಿಹಾರ. "ಪಿಪಿಎಫ್‌ಗೆ ಲಕ್ಷ ರೂಪಾಯಿ ಹಾಕಿದೆ" ಎಂದು ಭಾವ ಹೇಳಿದಾಗ ಅಪ್ಪ ಬಹಳ ಸಂತೋಷಪಟ್ಟರು. ಅಳಿಯನಿಗೆ ಕೊನೆಗೂ ಉಳಿತಾಯದ ಬುದ್ಧಿ ಬಂತೆಂದು. ಅಂಚೆ ಕಚೇರಿಯ ಪಿಪಿಎಫ್, ಅಂದರೆ ಪಬ್ಲಿಕ್ ಪ್ರಾವಿಡೆಂಟ್ ಫಂಡ್, 1968ರ ಕೂಸು. ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಎಂಬ ಕಾರಿನ ಪಿಪಿಎಫ್‌ನ ಮೂಲವನ್ನೂ ಅದೇ ಕಾಲದಲ್ಲಿ ಹುಡುಕುತ್ತಾರೆ: ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ತಿರುಗುರೆಕ್ಕೆ ಮರಳು, ಚೂರು ಬಡಿದು ಸವೆಯದಿರಲಿ ಎಂದು ತ್ರೀಎಂ ಕಂಪನಿ ಪಾಲಿಯುರೆಥೇನ್ ಪೊರೆ ಒದಗಿಸಿತು. ಅಂಚೆಯ ಪಿಪಿಎಫ್ 15 ವರ್ಷಕ್ಕೆ ಬಲಿಯುತ್ತದೆ. ಕಾರಿನದ್ದು ಅದಕ್ಕಿಂತ ಬೇಗ ಹಣ್ಣಾಗಿ ಹಳದಿ ತಿರುಗುತ್ತದೆ. ಆದಾಯ ತೆರಿಗೆಯವರು ಎರಡನೆಯದನ್ನು ಉಳಿತಾಯವೆಂದು ಒಪ್ಪುವುದಿಲ್ಲ. ಅಪ್ಪನೂ ಒಪ್ಪಲಿಲ್ಲ, ಎರಡು ಕ್ವಿಂಟಾಲಿಗಿಂತ ಹೆಚ್ಚು ಚಾಲಿ ಅಡಿಕೆ ಹೋಯಿತೆಂದು ಮಾತ್ರ ಲೆಕ್ಕ ಹಾಕಿದರು.

ಇನ್ನು ಆಯ್ಕೆ ಪ್ರಕರಣ. ಅಂಗಡಿಯಲ್ಲಿ ಭಾವ ಕೇಳಿದ ಮೊದಲ ಪ್ರಶ್ನೆ, "ಇದು ಎಷ್ಟು ಜಿಎಸ್‌ಎಂ?" ಹುಡುಗ ತಬ್ಬಿಬ್ಬಾದ. ಮಳೆಗಾಲಕ್ಕೆ ಮುಂಚೆ ಟರ್ಪಾಲು ಕೊಳ್ಳುವ ಯಾರಿಗಾದರೂ ಈ ಪ್ರಶ್ನೆ ಸಹಜ. ಆದರೆ ಪೊರೆಯನ್ನು ಅಳೆಯುವುದು ಮೈಕ್ರಾನಿನಲ್ಲಿ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರ ಸುಮಾರು 40ರಿಂದ 50 ಮೈಕ್ರಾನ್. ಅದನ್ನು ಕಾಯಲು ಬರುವ ಪೊರೆ 150ರಿಂದ 200. ಯಜಮಾನನಿಗಿಂತ ನಾಲ್ಕು ಪಟ್ಟು ದಪ್ಪದ ಅಂಗರಕ್ಷಕನನ್ನು ನಾನು ಮಂತ್ರಿಗಳ ಹಿಂದೆ ಮಾತ್ರ ಕಂಡಿದ್ದೆ. ಪೊರೆ ಟಿಪಿಯು ಎಂಬ ಪಾಲಿಯುರೆಥೇನಿನದ್ದಾದರೆ ಎಳೆದರೂ ಮರಳಿ ಬರುತ್ತದೆ, ಸಣ್ಣ ಗೀರು ಬಿಸಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಅಗ್ಗದ ಪಿವಿಸಿ ಬಿರುಸು, ಬೇಗ ಹಳದಿ. ನನ್ನನ್ನು ಕೇಳಿದರೆ ಬಂಪರು, ಬಾನೆಟ್ಟು, ಕನ್ನಡಿ, ಬಾಗಿಲ ಹಿಡಿಯ ಗುಳಿ, ಇಷ್ಟಕ್ಕೆ ಹಾಕಿದರೆ ಸಾಕು. ಮುಂದಿನ ಜಲ್ಲಿ ಲಾರಿಯ ಚೂರು ಬಡಿಯುವುದು ಮುಖಕ್ಕೇ ಹೊರತು ಬೆನ್ನಿಗಲ್ಲ. ಆದರೆ ಭಾವನಿಗೆ ಸರ್ವಾಂಗವೂ ಬೇಕು.

ಇದಕ್ಕೆ ಐತಿಹಾಸಿಕ ಕಾರಣವಿದೆ. ನಾವು ಮೂಲತಃ ಹೊದಿಸುವ ಜನ. ಮಲೆನಾಡಿನವರು ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಕರಡದ ಕೊಟ್ಟೆ ಕಟ್ಟಿದರು. ನಮ್ಮಲ್ಲಿ ಬೋರ್ಡೋ ಬಂತು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಡಾಂಬರು ಮೆತ್ತಿ ಪ್ಲಾಸ್ಟಿಕ್ ಲಂಗ ತೊಡಿಸಿದರು. ತಲೆಗೆ ಮುಟ್ಟಾಳೆ, ಟಿವಿ ರಿಮೋಟಿಗೆ ಪ್ಲಾಸ್ಟಿಕ್ ತೊಟ್ಟೆ. ಈ ಪರಂಪರೆಯಲ್ಲಿ ಕಾರು ಒಂದೇ ಬೆತ್ತಲೆ ಉಳಿದಿತ್ತು.

ದಾರ್ಶನಿಕ ಪಕ್ಷವನ್ನೂ ನೋಡಬೇಕು. ಅದ್ವೈತಿಗಳ ಪ್ರಕಾರ ಹೊಳೆಯುತ್ತಿರುವುದು ಪೊರೆ, ಬಣ್ಣ ಹೊಳೆಯುತ್ತಿದೆ ಎಂಬುದು ಅಧ್ಯಾಸ; ಹಗ್ಗದಲ್ಲಿ ಹಾವು ಕಂಡಂತೆ. ಆದರೆ ಇದು ಮಧ್ವರು ಹುಟ್ಟಿದ ಸೀಮೆ. ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಭೇದವೆಂಬುದೂ ಒಂದು. ಪೊರೆ ಬೇರೆ, ಬಣ್ಣ ಬೇರೆ, ಎಂದೆಂದಿಗೂ ಬೇರೆ. ಅನುಮಾನವಿದ್ದವರು ಪೊರೆಯ ಅಂಚಿನಲ್ಲಿ ಕೆಂಪುಮಣ್ಣು ಕೂತು ಗೆರೆ ಮೂಡುವವರೆಗೆ ಕಾಯಲಿ. ಒಂದು ಮಳೆಗಾಲ ಸಾಕು, ದ್ವೈತ ಸಿದ್ಧ. ಅಂಚನ್ನು ಒಳಕ್ಕೆ ಮಡಚಿ ಕೂರಿಸುವವರು ವಿಶಿಷ್ಟಾದ್ವೈತಿಗಳು, ಕೂಲಿ ಜಾಸ್ತಿ.

ದಿಗಂಬರ ಪಕ್ಷದ ಉದಾಹರಣೆ ದೂರವೇನಿಲ್ಲ. ವೇಣೂರಿನ 35 ಅಡಿಯ ಬಾಹುಬಲಿ 1604ರಿಂದ ನಮ್ಮ ಮಳೆಯನ್ನು ಮೈಮೇಲೆ ಸುರಿಸಿಕೊಂಡು ನಿಂತಿದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ, ಕೊನೆಯದು 2024ರಲ್ಲಿ. ವಾರಂಟಿ ಕಾರ್ಡ್ ಇಲ್ಲ. ಇದನ್ನು ಹೇಳಿದರೆ ಭಾವ, "ಅವನಿಗೆ ಬಿ.ಸಿ.ರೋಡಿಗೆ ಹೋಗಿ ಬರುವ ಕೆಲಸ ಇಲ್ಲ ಮಾರಾಯ" ಎಂದರು. ಉತ್ತರ ಹೊಳೆಯಲಿಲ್ಲ. ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆಯವರೆಗೆ ಹೆದ್ದಾರಿ 73 ಮೊದಲೇ ಅಗಲವಾಯಿತು. ಚಾರ್ಮಾಡಿ ಕಡೆಯ ಕೆಲಸ ಆಮೇಲೆ ಹಿಡಿದದ್ದು. ಧೂಳು ಎರಡು ಕಂತಿನಲ್ಲಿ ಬಂತು.

ಅಂಟಿಸುವ ವಿಧಿ ಹೀಗೆ. ಕಾರನ್ನು ತೊಳೆದು, ಜೇಡಿಯಂಥ ಉಂಡೆಯಿಂದ ತಿಕ್ಕಿ, ಧೂಳಿಲ್ಲದ ಮುಚ್ಚಿದ ಕೋಣೆಗೆ ಸೇರಿಸಬೇಕು. ಮಗುವಿನ ಶಾಂಪೂ ಬೆರೆಸಿದ ನೀರು ಚಿಮುಕಿಸಿ ಪೊರೆ ಹಾಸಿ, ಅತ್ತಿತ್ತ ಸರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನೂ ಗುಳ್ಳೆಯನ್ನೂ ಹೊರಗೆ ತಳ್ಳಬೇಕು. ಕಂಪ್ಯೂಟರಿನಲ್ಲಿ ಮೊದಲೇ ಕತ್ತರಿಸಿದ್ದಾದರೆ ಒಳ್ಳೆಯದು. ಕಾರಿನ ಮೇಲೇ ಬ್ಲೇಡು ಎಳೆದರೆ ರಕ್ಷಣೆ ಬರುವ ಮೊದಲೇ ಗಾಯ. ಭಾವ ಹೋದದ್ದು ಮೊದಲ ಮಳೆಯ ಸಂಜೆ. ದೀಪಕ್ಕೆ ರೆಕ್ಕೆಗೆದ್ದಲು ಮುತ್ತಿತು. ಅದರಲ್ಲಿ ಒಂದು ಬಾನೆಟ್ಟಿನ ಎಡಭಾಗದಲ್ಲಿ, ಪೊರೆಯ ಒಳಗೆ, ರೆಕ್ಕೆ ಅಗಲಿಸಿ ಶಾಶ್ವತವಾಯಿತು. ಮಾನವ ಇತಿಹಾಸದಲ್ಲಿ ಲಕ್ಷ ರೂಪಾಯಿಯ ಸಮಾಧಿ ಪಡೆದ ಮೊದಲ ಗೆದ್ದಲು ಅದಿರಬೇಕು.

ಉಳಿದ ಶತ್ರುಗಳನ್ನು ಪೊರೆ ಮಾಡಿದವರು ಕಂಡಿಲ್ಲ. ಕಾರಿಂಜ ಬೆಟ್ಟದ ಮಂಗ ವೈಪರು ಕೀಳುವಾಗ ಪೊರೆಗೆ ಕೆಲಸವಿಲ್ಲ. ಹಲಸಿನ ಹಣ್ಣು ಬಿದ್ದರೆ ತಗಡು ತಗ್ಗುತ್ತದೆ, ಪೊರೆ ಮಾತ್ರ ಅಕ್ಷತ. ಆಯುಧಪೂಜೆಯ ಕುಂಕುಮ ಪೊರೆಯ ಮೇಲೆ ಉಳಿಯಿತು. ಇದು ಲಾಭದ ಬಾಬ್ತು.

ದಿನನಿತ್ಯದ ಶತ್ರು ಕೋಳಿ. ಬೆಚ್ಚಗಿನ ಬಾನೆಟ್ಟು ಅದಕ್ಕೆ ಇಷ್ಟ, ಹತ್ತಿದರೆ ಉಗುರಿನ ಗೀರು. ಗೀರು ಬಿಸಿಗೆ ಮುಚ್ಚುತ್ತದೆ, ಬಿಸಿಲಿಗೆ ನಿಲ್ಲಿಸಿದರೆ ಸಾಕು ಎಂದಿದ್ದರು ಅಂಗಡಿಯವರು. ಜೂನ್ ತಿಂಗಳ ಪುಂಜಾಲಕಟ್ಟೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಭಾವ ಬಚ್ಚಲಿನ ಹಂಡೆಯಿಂದ ಕೊಡಪಾನದಲ್ಲಿ ನೀರು ತಂದು ಹದವಾಗಿ ಸುರಿದರು. ಗೀರು ಕಣ್ಣೆದುರೇ ಮಾಯವಾಯಿತು, ನಾನೇ ಸಾಕ್ಷಿ. ಅಂದಿನಿಂದ ದಿನವೂ ಬೆಳಗ್ಗೆ ಅಭಿಷೇಕ.

ಕಳೆದ ವಾರ ಹೋಗಿದ್ದೆ, ಮಳೆಯಲ್ಲಿ ನೆನೆದು.

"ಅಕ್ಕಾ, ಸ್ನಾನಕ್ಕೆ ನೀರುಂಟಾ?"

"ಈಗಷ್ಟೇ ಕಾರಿನದ್ದಾಯ್ತು ಮಾರಾಯ. ಒಲೆಗೆ ಎರಡು ಸೋಗೆ ತುರುಕು, ಮುಂದಿನ ಪಾಳಿ ಭಾವನದ್ದು, ಆಮೇಲೆ ನಿನ್ನದು."