ಬಾಟ್ಲಿ ಮೇಷ್ಟ್ರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹೋಬಳಿಗೊಬ್ಬರಾದರೂ ಬಾಟ್ಲಿ ಮೇಷ್ಟ್ರು ಇರುತ್ತಾರೆ. ನೀವು ಅಂದುಕೊಂಡ ಬಾಟ್ಲಿಯಲ್ಲ. ಎಲೆಅಡಿಕೆಯನ್ನೂ ಮುಟ್ಟದ ಜನ ಇವರು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾರೆ. ಊರಿನಲ್ಲಿ ಎರಡೆಕರೆ ತೆಂಗಿನ ತೋಟ. ಸ್ಕೂಟರಿನ ಮುಂದೆ ಸದಾ ಒಂದು ಗೊಬ್ಬರದ ಚೀಲ, ಚೀಲದ ತುಂಬ ಎರಡು ಲೀಟರಿನ ಖಾಲಿ ಕೂಲ್ ಡ್ರಿಂಕ್ಸ್ ಬಾಟಲಿಗಳು.

ಬಾಟಲಿಗೆ ಮೂರನೇ ಒಂದು ಪಾಲು ನೀರು ಹಾಕಿ, ಉಳಿದ ಜಾಗಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬಾಯಿ ಕೆಳಗೆ ಮಾಡಿ ಬಿಟ್ಟರೆ ಗಾಳಿ ನೀರನ್ನು ಕೆಳಕ್ಕೆ ದಬ್ಬುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ಒದೆಯುತ್ತದೆ. ಅದೇ ಇವರ ರಾಕೆಟ್. ನ್ಯೂಟನ್ನಿನ ಮೂರನೇ ನಿಯಮ, ಒಂಬತ್ತನೇ ಕ್ಲಾಸಿನ ಪಾಠ. ಬೇರೆ ಮೇಷ್ಟ್ರುಗಳು ಒಂದು ಪೀರಿಯಡ್ಡಿನಲ್ಲಿ ಮುಗಿಸುತ್ತಾರೆ. ನಮ್ಮವರು ಕೆಲಸಕ್ಕೆ ಸೇರಿದಾಗ ಶುರು ಮಾಡಿದ್ದು, ರಿಟೈರ್ ಆಗುವುದರೊಳಗೆ ಮುಗಿದರೆ ಪುಣ್ಯ.

ಇವರನ್ನು ಗುರುತಿಸಬೇಕಾದರೆ ಬೀಗರೂಟಕ್ಕೆ ಹೋಗಿ. ಎಲ್ಲರೂ ಮೊದಲ ಪಂಕ್ತಿಗೆ ನುಗ್ಗುವಾಗ ಇವರು ಕೊನೆಯ ಪಂಕ್ತಿಗೆ ಕಾಯುತ್ತಿರುತ್ತಾರೆ. ಕಣ್ಣು ಎಲೆಯ ಮೇಲಿರುವುದಿಲ್ಲ, ಕೂಲ್ ಡ್ರಿಂಕ್ಸ್ ಬಗ್ಗಿಸುವ ಹುಡುಗನ ಕೈ ಮೇಲಿರುತ್ತದೆ. ‘ಲೋ, ಹಿಂಡಬೇಡ ಕಣೋ, ಸೊಟ್ಟಗಾಗುತ್ತೆ’ ಎಂದು ಕೂಗುತ್ತಾರೆ. ಬರಿ ನೀರಿನ ಬಾಟಲಿ ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ಅದರ ಮೈ ತೆಳು, ಗಾಳಿಗೆ ಬಾಳುವುದಿಲ್ಲ. ಸೋಡಾ ತುಂಬಿದ ಬಾಟಲಿ ಗ್ಯಾಸಿನ ಒತ್ತಡ ತಡೆಯಲೆಂದೇ ಹುಟ್ಟಿದ್ದು. 150 ಪಿಎಸ್ಐ ಆಸುಪಾಸಿನವರೆಗೂ ಜಪ್ಪಯ್ಯ ಅನ್ನುವುದಿಲ್ಲ. ಮೇಷ್ಟ್ರು ಮಾತ್ರ ಅರವತ್ತು ದಾಟಿಸುವುದಿಲ್ಲ. ‘ಲಾರಿ ಟೈರಿಗೆ ನೂರರ ಮೇಲೆ ಹೊಡೀತೀವಿ ಸಾ, ಇದಕ್ಕೂ ಹೊಡೆದುಬಿಡ್ಲಾ?’ ಎಂದು ಪಂಚರ್ ಅಂಗಡಿಯವನು ಹುರಿದುಂಬಿಸಿದಾಗ, ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಸ್ಕೂಟರ್ ಹತ್ತುತ್ತಾರೆ.

ಇವರ ನಿಜವಾದ ದೇವಸ್ಥಾನ ಡ್ರಿಪ್ ಸಾಮಾನಿನ ಅಂಗಡಿ. ತೆಂಗಿನ ಸೀಮೆಯಲ್ಲಿ ಕಾಫಿಪುಡಿ ಸಿಗದ ಊರು ಇದ್ದೀತು, ಗ್ರೋಮೆಟ್, ಟೇಕಾಫ್, ಎಂಡ್ ಕ್ಯಾಪ್ ಸಿಗದ ಊರಿಲ್ಲ. ಉಳಿದವರು ಪೈಪನ್ನು ಅಡಿ ಲೆಕ್ಕದಲ್ಲಿ ಕೇಳಿದರೆ, ಮೇಷ್ಟ್ರು ಚೀಲದಿಂದ ಬಾಟಲಿ ತೆಗೆದು ಅರ್ಧ ಇಂಚಿನ ಪಿವಿಸಿ ಪೈಪಿನ ಮೂತಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಗಿಟ್ಟುಕೊಂಡು ನೋಡುತ್ತಾರೆ. ಪೈಪಿನ ಹೊರಮೈ ಸುಮಾರು 21 ಮಿಲಿಮೀಟರ್. ಬಾಟಲಿಯ ಬಾಯಿ ಅದಕ್ಕಿಂತ ಕೂದಲೆಳೆಯಷ್ಟು ಅಗಲ. ಆ ಕೂದಲೆಳೆಯಲ್ಲೇ ಇವರ ಸಂಸಾರ ನಡೆದಿರುವುದು. ಕಂಪನಿ ಬದಲಾದರೆ ಪೈಪು ಸಡಿಲ, ಇಲ್ಲ ಬಿಗಿ. ‘ಮೇಷ್ಟ್ರೇ, ತೋಟಕ್ಕೆ ಎಷ್ಟು ಕಟ್ಲಿ?’ ಎಂದು ಅಂಗಡಿಯವರು ಕೇಳಿದರೆ ‘ತೋಟಕ್ಕಲ್ಲ, ಒಂದೂವರೆ ಅಡಿ ಸಾಕು’ ಎನ್ನುತ್ತಾರೆ. ಅಂಗಡಿಯವರು ಗರಗಸ ಹುಡುಕಲು ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ.

ನಾಜಲ್ ವಿಷಯಕ್ಕೆ ಬಂದರೆ ಮೇಷ್ಟ್ರ ಮುಖದ ಕಳೆಯೇ ಬೇರೆ. ರಾಕೆಟ್ ಹಾರುವುದು ಅವರಿಗೆ ನೆಪ, ಇರುವ ಪ್ರೀತಿಯೆಲ್ಲ ತೂತಿನ ಮೇಲೆ. ಬಾಯಿ ಪೂರಾ ಬಿಟ್ಟರೆ ಅರವತ್ತು ಪಿಎಸ್ಐಗೆ ಬಾಟಲಿಗೆ ಬೀಳುವ ಒದೆತ ಮೊದಲ ಕ್ಷಣದಲ್ಲಿ ಸುಮಾರು ಮೂವತ್ತು ಕೆಜಿ ಭಾರದಷ್ಟು. ನೀರೆಲ್ಲ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಮುಚ್ಚಳದಲ್ಲಿ 9 ಮಿಲಿಮೀಟರ್ ತೂತು ಮಾಡಿದರೆ ಒದೆತ ಐದು ಕೆಜಿ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಅರ್ಧ ಸೆಕೆಂಡಿನ ತನಕ ದಬ್ಬುತ್ತಲೇ ಇರುತ್ತದೆ. ಯಾವುದು ಒಳ್ಳೆಯದು? ಈ ಪ್ರಶ್ನೆಗೆ ಮೇಷ್ಟ್ರು ಬೆಳಗ್ಗೆ ಒಂದು ಉತ್ತರ ಹೇಳುತ್ತಾರೆ, ಸಂಜೆ ಇನ್ನೊಂದು.

ತೂತು ಕೊರೆಯುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಕಾದ ಕಂಬಿಯಿಂದ ಚುಚ್ಚುತ್ತಾರೆ. ಪ್ಲಾಸ್ಟಿಕ್ ಕರಗಿ ಅಂಚಿನಲ್ಲಿ ಗಂಟು ನಿಲ್ಲುತ್ತದೆ, ನೀರು ಓರೆ ಚಿಮ್ಮುತ್ತದೆ, ರಾಕೆಟ್ಟು ಹೆಡ್ ಮಾಸ್ಟರ ಕೊಠಡಿ ಕಡೆಗೆ ತಿರುಗುತ್ತದೆ. ಹಾಗಾಗಿ ಡ್ರಿಲ್ಲಿಂಗ್ ಮಿಷನ್ನು, ಆಮೇಲೆ ಉಪ್ಪುಕಾಗದ, ಆಮೇಲೆ ಕಿರುಬೆರಳಿನ ತುದಿಯಲ್ಲಿ ಒಳಗೆಲ್ಲ ಸವರಿ ಪರೀಕ್ಷೆ. ಹಸುಗೂಸಿನ ಬಾಯಲ್ಲಿ ಹಲ್ಲು ಮೂಡಿದೆಯೇ ಎಂದು ಅಜ್ಜಿ ನೋಡುವಂತೆ. ಒಬ್ಬ ಹುಡುಗ ಇಷ್ಟೆಲ್ಲ ಯಾಕೆಂದು ತೋಟದ ಡ್ರಿಪ್ಪರನ್ನೇ ತಂದು ಮುಚ್ಚಳಕ್ಕೆ ಸಿಕ್ಕಿಸಿದ. ಗಂಟೆಗೆ 8 ಲೀಟರಿನದು. ಎಲ್ಲರೂ ದೂರ ಓಡಿ ಕಿವಿ ಮುಚ್ಚಿಕೊಂಡು ಕೂತರು. ರಾಕೆಟ್ ಏಳಲಿಲ್ಲ, ಪಕ್ಕದಲ್ಲಿದ್ದ ತೆಂಗಿನ ಸಸಿಗೆ ಹಿತವಾಗಿ ನೀರಾಯಿತು.

ಹಾರಿಸುವ ಸ್ಟ್ಯಾಂಡಿಗೆ ಇವರು ‘ಉಡಾವಣಾ ವೇದಿಕೆ’ ಎಂದೇ ಹೇಳುವುದು. ನಿಲ್ಲಿಸಿದ ಪೈಪಿಗೆ ಸುತ್ತಲೂ ಕೇಬಲ್ ಟೈ ಬಿಗಿದು, ಅವುಗಳ ತಲೆಗಳು ಬಾಟಲಿಯ ಕುತ್ತಿಗೆಯ ಬಳೆಯನ್ನು ಕಚ್ಚಿಕೊಳ್ಳುವಂತೆ ಮಾಡಿ, ಮೇಲಿನಿಂದ ಎರಡಿಂಚಿನ ಪೈಪಿನ ತುಂಡು ಇಳಿಬಿಡುತ್ತಾರೆ. ಹಗ್ಗ ಎಳೆದರೆ ತುಂಡು ಜಾರುತ್ತದೆ, ಟೈಗಳು ಬಾಯಿ ಬಿಡುತ್ತವೆ. ಪೈಪಿನ ಬುಡಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವು, ಸಂದಿಗೆ ಪಂಪ್ ರಿಪೇರಿಯವರಿಂದ ತಂದ ರಬ್ಬರ್ ರಿಂಗು, ಮೇಲೆ ಎಂ-ಸೀಲ್. ಒಂದು ತೊಟ್ಟು ಸೋರುವುದಿಲ್ಲ. ಅದೇ ಮೇಷ್ಟ್ರ ತೋಟಕ್ಕೆ ಹೋಗಿ ನೋಡಿ, ಡ್ರಿಪ್ಪಿನ ಒಂದೊಂದು ಜಾಯಿಂಟೂ ಕಾರಂಜಿ. ‘ರೀ, ಗೇಟ್ ವಾಲ್ವಿನ ಹತ್ರ ಕೆಸರಾಗಿ ಕಾಲಿಡೋಕೆ ಆಗ್ತಿಲ್ಲ’ ಎಂದು ಮನೆಯವರು ಎಷ್ಟು ಸಲ ಹೇಳಿದರೂ, ‘ಅಲ್ಲಿ ಪ್ರೆಷರ್ ಎಷ್ಟಿದೆ ಅಂತ ನೋಡಿದೆಯಾ?’ ಎಂಬುದೇ ಉತ್ತರ.

ರೆಕ್ಕೆಗೆ ಚುನಾವಣೆ ಮುಗಿದ ಮೇಲೆ ಕಂಬದಲ್ಲಿ ಉಳಿದ ಪ್ಲಾಸ್ಟಿಕ್ ಬೋರ್ಡು. ಅಭ್ಯರ್ಥಿಯ ಹಣೆ ಒಂದು ರೆಕ್ಕೆಗೆ, ಮೀಸೆ ಇನ್ನೊಂದಕ್ಕೆ, ಮುಗಿದ ಕೈ ಮೂರನೆಯದಕ್ಕೆ. ಠೇವಣಿ ಕಳೆದುಕೊಂಡವರನ್ನೂ ಪಕ್ಷಭೇದವಿಲ್ಲದೆ ಮೇಲಕ್ಕೆತ್ತಿದ ಕೀರ್ತಿ ನಮ್ಮ ಮೇಷ್ಟ್ರಿಗೆ ಸಲ್ಲಬೇಕು.

ಇನ್ನು ಇತಿಹಾಸ. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳನ್ನು ನೋಡಿಕೊಂಡು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು, ಇವೆಲ್ಲ ಅವರ ನಾಲಿಗೆ ತುದಿಯಲ್ಲಿವೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕಾಗ ನಾಡೆಲ್ಲ ಶೌರ್ಯದ ಮಾತಾಡಿತು. ಮೇಷ್ಟ್ರು ಕೇಳಿದ್ದು ಒಂದೇ: ‘ಹಿಂದುಗಡೆ ತೂತು ಎಷ್ಟು ಗಾತ್ರ ಇಟ್ಟಿದ್ರಂತೆ?’

ಇಷ್ಟೆಲ್ಲ ಇದ್ದರೂ ಇವರ ಪರಮಶತ್ರು ಗುರುತ್ವಾಕರ್ಷಣೆಯಲ್ಲ, ತೆಂಗಿನ ಮರ. ಈ ಸೀಮೆಯಲ್ಲಿ ತಲೆಯೆತ್ತಿದರೆ ಆಕಾಶಕ್ಕಿಂತ ಗರಿಯೇ ಹೆಚ್ಚು ಕಾಣುತ್ತದೆ. ಮೇಲೆ ಹೋದ ಬಾಟಲಿ ಇಳಿಯುವಾಗ ಯಾವುದೋ ಮರದ ಗೊನೆಯೊಳಗೆ ಕೂತುಬಿಡುತ್ತದೆ. ಕಾಯಿ ಕೀಳುವವನು ಒಂದು ಬಾಟಲಿಗೆಂದು ಮರ ಹತ್ತುತ್ತಾನೆಯೇ? ‘ಮುಂದಿನ ಸಲ ಕಾಯಿ ಕೀಳುವಾಗ ಕೆಡವ್ತೀನಿ ಸಾ’ ಎನ್ನುತ್ತಾನೆ. ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳವೊಂದೇ ಗತಿ. ಮಳೆ ಬಂದು ಕೆರೆ ತುಂಬಿದರೆ ಊರಿಗೆಲ್ಲ ಹಬ್ಬ, ಮೇಷ್ಟ್ರಿಗೆ ಸೂತಕ.

ಮರಕ್ಕಿಂತ ದೊಡ್ಡ ಭಯ ಅಟ್ಟದ್ದು. ಉಂಡೆ ಕೊಬ್ಬರಿಗೆ ಕಾಯಿ ಸಿಪ್ಪೆಸಮೇತ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಒಣಗಬೇಕು. ಬಾಟಲಿ ಬಿದ್ದು ಹಂಚು ಸೀಳಿ, ಅಲ್ಲಿಂದ ಮಳೆ ಇಳಿದರೆ, ಕಪ್ಪಾದ ಆ ಕೊಬ್ಬರಿಯನ್ನು ತಿಪಟೂರು ಎಪಿಎಂಸಿ ಹರಾಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಮೇಷ್ಟ್ರು ಕೌಂಟ್‌ಡೌನ್ ಶುರು ಮಾಡಿದರೆ ಅಕ್ಕಪಕ್ಕದ ಯಜಮಾನರು ಅಂಗಳಕ್ಕೆ ಬಂದು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಅವರೂ ಮೇಲೆಯೇ ನೋಡುತ್ತಾರೆ, ಹುಡುಗರಷ್ಟೇ ಬಾಯಿಬಿಟ್ಟುಕೊಂಡು. ಬಾಟಲಿ ಸುರಕ್ಷಿತವಾಗಿ ಪಕ್ಕದವರ ತೋಟಕ್ಕೆ ಹೋಯಿತೆಂದರೆ, ‘ಇನ್ನೊಂದು ಬಿಡ್ರಿ ಮೇಷ್ಟ್ರೇ’ ಎಂದು ಅವರೇ ಕೂಗುತ್ತಾರೆ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ನಿಮ್ಮ ಮರದಿಂದ ಕಾಯಿಯ ಜೊತೆಗೆ ಮೂರು ರೆಕ್ಕೆಯ ಬಾಟಲಿಯೊಂದು ಉದುರಿದರೆ ಗುಜರಿಗೆ ಹಾಕಬೇಡಿ. ಬಾಟಲಿ ನೀವೇ ಇಟ್ಟುಕೊಳ್ಳಿ, ಅಭ್ಯರ್ಥಿಯನ್ನೂ ಇಟ್ಟುಕೊಳ್ಳಿ. ಮುಚ್ಚಳ ಮಾತ್ರ ಬಿಚ್ಚಿ ಹತ್ತಿರದ ಹೈಸ್ಕೂಲಿಗೆ ತಲುಪಿಸಿ. ಮರ ಹತ್ತಿದ ಕೂಲಿ ಕೇಳಬೇಡಿ, ಕೊಡುವುದಿಲ್ಲ.