ಶುಭ ಕಾರ್ಯ ನಿಷಿದ್ಧ, ಸ್ವೈಪ್‌ಗೆ ದೋಷವಿಲ್ಲ

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಬೈಕಿನ ಚಕ್ರಕ್ಕೆ ನಿಂಬೆಹಣ್ಣೂ ಇಲ್ಲ. ಹೊಸ ಸೊಸೆ ತವರು ಸೇರಬೇಕು, ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು. ಆಷಾಢ ಸೇಲ್ ಹಾಕಿದ ಬೊಟಿಕ್‌ನ ಹೊಸ್ತಿಲಿಗೆ ಮಾತ್ರ ಯಾವ ಪಂಚಾಂಗದವರೂ ಈ ನಿಯಮ ಹೇರಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತವರಿನಿಂದ ಸೊಸೆ, ಮನೆಯಿಂದ ಅತ್ತೆ, ಬೇರೆಬೇರೆ ಆಟೋದಲ್ಲಿ ಬಂದಿಳಿದು ಒಂದೇ ಗಾಜಿನ ಬಾಗಿಲು ತಳ್ಳುತ್ತಾರೆ. ಆಮೇಲೆ ಒಂದೇ ಸೀರೆಯ ಸೆರಗು ಇವರ ಕೈಯಲ್ಲಿ, ಅಂಚು ಅವರ ಕೈಯಲ್ಲಿ.

ಒಂದು ಕಾಲಕ್ಕೆ ಈ ತಿಂಗಳಿಡೀ ಬಟ್ಟೆ ಅಂಗಡಿಯವರು ನೊಣ ಹೊಡೆಯುತ್ತಿದ್ದರು. ಶ್ರಾವಣದ ವರಮಹಾಲಕ್ಷ್ಮಿಗೆ ಹೊಸ ಸರಕು ತುಂಬಬೇಕಲ್ಲ, ಉಳಿದದ್ದನ್ನು ನಾಲ್ಕು ಕಾಸು ಕಡಿಮೆಗೆ ಸಾಗಹಾಕಿದರು. ಅದು ವ್ಯಾಪಾರ. ಈಗ ಸೇಲ್‌ಗೆಂದೇ ಹೊಸ ಮಾಲು ಬರುತ್ತದೆ, ಹುಟ್ಟುವಾಗಲೇ ರಿಯಾಯಿತಿ ಹೊತ್ತು ಬರುತ್ತದೆ.

ಅಂಥದೊಂದು ಕಾಟನ್ ಕುರ್ತಾದ ಚೀಟಿ ಕೈಗೆ ಸಿಕ್ಕಿತು. 4,999ಕ್ಕೆ ಕೆಂಪು ಗೀಟು, ಪಕ್ಕದಲ್ಲಿ 2,499. ಉಗುರು ಹಾಕಿ ಮೂಲೆ ಎಬ್ಬಿಸಿದೆ. ಅಡಿಯಲ್ಲೊಂದು ಹಳೇ ಚೀಟಿ: 2,299. ಐವತ್ತು ಪರ್ಸೆಂಟ್ ಉಳಿಸಬೇಕೆಂದರೆ ಇನ್ನೂರು ರೂಪಾಯಿ ಜಾಸ್ತಿ ಕೊಡಬೇಕು! ಪಕ್ಕದಲ್ಲಿದ್ದ ಹೆಂಗಸಿಗೆ ತೋರಿಸಿದೆ. ಅವರು ಕನಿಕರದಿಂದ ನೋಡಿ, "ಆ ರೇಟಿಗೆ ಡಿಸ್ಕೌಂಟ್ ಎಲ್ಲಿತ್ತು ಸಾರ್?" ಎಂದರು. ಆ ಹೆಂಗಸಿಗೆ ವ್ಯಾಪಾರ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಬಿಕರಿಯಾಗುವುದು ಪರ್ಸೆಂಟೇಜು. ಕುರ್ತಾ ಅದನ್ನು ಸುತ್ತಿಕೊಡುವ ಬಟ್ಟೆ.

ಕಿಟಕಿಯ ಮೇಲಿನ 70% ಆಳೆತ್ತರ ಇರುತ್ತದೆ, ಅದರ ತಲೆಯ ಮೇಲೆ ಕೂತ 'ಅಪ್ ಟು' ಇರುವೆ ಗಾತ್ರ. ಆ ಎಪ್ಪತ್ತು ಒಳಗೆ ಒಂದೇ ಹ್ಯಾಂಗರಿನಲ್ಲಿ ನೇತಾಡುತ್ತಿದೆ: ಹೊಲಿಗೆ ಬಿಟ್ಟ, ಐದನೇ ಕ್ಲಾಸಿನ ಹುಡುಗಿಗೂ ಬಿಗಿಯಾಗುವ ಸಾಸಿವೆ ಬಣ್ಣದ ಗೌನು. ಐದು ಸಾವಿರದ ಬಟ್ಟೆ ಕೊಂಡರೆ ಜುಮಕಿ ಫ್ರೀ. ಆ ಜುಮಕಿಗೆ ಮ್ಯಾಚ್ ಆಗುವ ಸರ ಹನ್ನೆರಡು ನೂರು.

ಸೋಫಾ ಇರುವುದು ಗಂಡಂದಿರಿಗೆ. ಫೋನಿನಿಂದ ತಲೆಯೆತ್ತದೆ 'ಚೆನ್ನಾಗಿದೆ' ಎನ್ನುವುದಷ್ಟೇ ಅವರ ಕೆಲಸ. ಹೆಂಡತಿಯರು ಬೇಡವೆಂದ ಇಪ್ಪತ್ತು ಸೀರೆಗಳನ್ನು ಮಡಿಸುವ ಹುಡುಗಿ ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ನಿಂತೇ ಇದ್ದಾಳೆ. ಅಂಗಡಿ ಕೆಲಸದವರು ಕೂರಬಹುದು ಎಂದು ಹೇಳಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಇಲ್ಲಿ ಷರತ್ತುಗಳಿಲ್ಲದೆ, ನೂರಕ್ಕೆ ನೂರು ಕಡಿತವಾಗಿರುವುದು ಅವಳ ಸ್ಟೂಲು ಮಾತ್ರ.

ಬಿಲ್ ಕೌಂಟರಿನಲ್ಲಿ ಬ್ಯಾಗಿಗೆ ಹದಿನೈದು ರೂಪಾಯಿ. ಮೊದಲೇ ತಿಳಿಸದೆ ಹೀಗೆ ಕೇಳುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸು ತೆಗೆದುಕೊಳ್ಳಬೇಕು ಎನ್ನುತ್ತದೆ 2019ರ ಗ್ರಾಹಕ ರಕ್ಷಣಾ ಕಾಯ್ದೆ. ಗೋಡೆಯಲ್ಲಿ ಲಕ್ಷ್ಮಿ ಫೋಟೋದ ಕೆಳಗೆ ಬರೆದಿರುವುದು: 'ನೋ ರಿಟರ್ನ್, ನೋ ಎಕ್ಸ್‌ಚೇಂಜ್, ದಯವಿಟ್ಟು ವಾದಿಸಬೇಡಿ.' ಬಹುಶಃ ಆಷಾಢದಲ್ಲಿ ಕಾಯ್ದೆಯೂ ತವರಿಗೆ ಹೋಗುತ್ತದೆ.

ಈ ಗೊಡವೆಯೇ ಬೇಡ ಎನ್ನುವವರು ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಯ ಮುಂದೆ ನಸುಕಿನಲ್ಲೇ ಸಾಲು ಹಚ್ಚುತ್ತಾರೆ. 2005ರಲ್ಲಿ ಜಿಐ ಮಾನ್ಯತೆ ಪಡೆದ ಮೈಸೂರು ರೇಷ್ಮೆ, ಜರಿಯಲ್ಲಿ ನಿಜವಾದ ಬೆಳ್ಳಿ-ಬಂಗಾರ. ಅಲ್ಲಿ ಸೀರೆ ಸಿಕ್ಕಿದ್ದೇ ರಿಯಾಯಿತಿ.

ಭೀಮನ ಅಮಾವಾಸ್ಯೆ ಕಳೆದ ಬೆಳಿಗ್ಗೆ 'ಆಷಾಢ ಸೇಲ್' ಬ್ಯಾನರು 'ಶ್ರಾವಣ ಧಮಾಕ' ಆಗಿರುತ್ತದೆ. ತಿಂಗಳ ಹೆಸರಿನ ಜಾಗಕ್ಕಷ್ಟೇ ಹೊಸ ಸ್ಟಿಕ್ಕರು. ಆಮೇಲೆ ಗೌರಿ-ಗಣೇಶ, ದಸರಾ, ದೀಪಾವಳಿ, ಕ್ರಿಸ್‌ಮಸ್ಸು, ಸಂಕ್ರಾಂತಿ. ನಮ್ಮ ಏರಿಯಾದಲ್ಲಿ ಖಾಲಿ ಉಳಿದಿರುವುದು ಪಿತೃಪಕ್ಷವೊಂದೇ. ಹಿರಿಯರಿಗೆ ಎಡೆಯಿಡಲು ಹೊಸ ಪಂಚೆ, ಹೊಸ ಸೀರೆ ಬೇಕೇ ಬೇಕು, ಗಿರಾಕಿಗಳಿಗೇನೂ ಬರವಿಲ್ಲ. 'ಬೈ ಒನ್, ಗೆಟ್ ಒನ್' ಎಂದು ಬೋರ್ಡು ತೂಗಿಹಾಕಿದರೆ ಮನೆಯಲ್ಲಿರುವ ಹಿರಿಯರು ಏನೆಂದುಕೊಂಡಾರೋ ಎಂದು ಮಾಲೀಕರು ಇನ್ನೂ ಯೋಚಿಸುತ್ತಿದ್ದಾರೆ.